ತಂಗಿಗೆ ಹೇಳಬಾರದ ಮಾತು

ಶನಿವಾರ ಬೆಳಿಗ್ಗೆ ಎಂದರೆ ಇಲಿಸೋನಿಯ ಮನೆಯಿಂದ ತೆಂಗಿನಕಾಯಿ ತುರಿಯುವ ಸದ್ದು, ಅದರ ಜೊತೆಗೇ ಗಂಡ ಹೆಂಡಿರ ಜಗಳದ ಸದ್ದು. ಇಷ್ಟು ಸಣ್ಣ ಮೀನು ಯಾಕೆ ತಂದೆ ಅಂತ ಹೆಂಡತಿ ವಾಸೀತಿ ಬಯ್ಯಬೇಕು, ತಂದದ್ದೇ ದೊಡ್ಡದು ಅಂತ ಅವನು ತಿರುಗಿ ಅನ್ನಬೇಕು, ಕೊನೆಗೆ ಇಬ್ಬರೂ ನಗಬೇಕು. ಫಿಜಿಯ ನಮ್ಮ ನಾಸೆಕಾ ಹಳ್ಳಿಯಲ್ಲಿ ಅಕ್ಕಪಕ್ಕದವರಿಗೆಲ್ಲ ಅದು ರೂಢಿಯಾಗಿಹೋಗಿತ್ತು. ಈಚೆಗೆ ಮಾತ್ರ ಬರೀ ತುರಿಯುವ ಸದ್ದು ಕೇಳುತ್ತಿತ್ತು.

ಜಗಳ ನಿಂತಿತು, ಇನ್ನು ಮನೆ ಸುಖವಾಗಿದೆ ಎನ್ನುವವರು ಸಂಸಾರ ಮಾಡಿಯೇ ಇಲ್ಲ. ಇಲಿಸೋನಿ ಐವತ್ತು ದಾಟಿದ ಲಾರಿ ಚಾಲಕ, ತೋಟಗಳಿಂದ ಕೆಸುವಿನ ಗೆಡ್ಡೆ ತುಂಬಿಕೊಂಡು ಬಂದರಿಗೆ ಹೋಗಿ ಬರುವವನು. ಹಿಂದಿನ ವರ್ಷ ಎದೆ ಹಿಂಡಿದಂತಾದಾಗ ಪಟ್ಟಣದ ಡಾಕ್ಟರು ನಾಲಗೆಯ ಕೆಳಗೆ ಹೊಡೆದುಕೊಳ್ಳುವ ಸಣ್ಣ ಸ್ಪ್ರೇ ಕೊಟ್ಟಿದ್ದರು. ಎದೆಯೇನೋ ಸುಮ್ಮನಾಯಿತು. ಆದರೆ ಕೆಲವು ತಿಂಗಳಿಂದ ಹೆಂಡತಿಯ ಪಕ್ಕ ಮಲಗಿದರೆ ಮನಸ್ಸು ಬಯಸಿದ್ದಕ್ಕೆ ಮೈ ಒಪ್ಪುತ್ತಿರಲಿಲ್ಲ. ಮೊದಲು ದಣಿವು ಅಂದುಕೊಂಡ, ಆಮೇಲೆ ವಯಸ್ಸಾಯಿತು ಅಂದುಕೊಂಡ, ಕೊನೆಗೆ ಗೋಡೆ ಕಡೆ ತಿರುಗಿ ಮಲಗುವುದನ್ನು ಕಲಿತ. ವಾಸೀತಿ ಬಾಯಿಬಿಟ್ಟು ಏನೂ ಕೇಳಲಿಲ್ಲ. ಬಂದರಿನಲ್ಲಿ ಇವನಿಗೆ ಬೇರೆ ಯಾರೋ ಸಿಕ್ಕಿರಬೇಕು ಎಂದು ಒಳಗೊಳಗೇ ಕೊರಗಿ ಅರ್ಧ ಆಗಿದ್ದಳು.

ಅಯ್ಯೋ, ಔಷಧಿಗೇನೂ ದೂರ ಹೋಗಬೇಕಾಗಿರಲಿಲ್ಲ. ಆರೋಗ್ಯ ಕೇಂದ್ರ ಕೂಗಳತೆಯಲ್ಲೇ ಇತ್ತು. ಅಲ್ಲಿನ ನರ್ಸು ಲಿತಿಯಾ ಬಲು ಚುರುಕಿನ ಹೆಂಗಸು, ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವು. ಆದರೆ ಅವಳು ಇಲಿಸೋನಿಯ ಚಿಕ್ಕಪ್ಪನ ಮಗಳು, ತಂಗಿ. ನಮ್ಮಲ್ಲಿ ಅಣ್ಣ ತಂಗಿ ದೊಡ್ಡವರಾದ ಮೇಲೆ ಎದುರಾಬದುರಾ ಕೂತು ಮಾತಾಡುವಂತಿಲ್ಲ, ಹೆಸರು ಹಿಡಿದು ಕರೆಯುವಂತಿಲ್ಲ. ಮಂಚದ ಮಾತಂತೂ ಒಬ್ಬರ ಮುಂದೆ ಇನ್ನೊಬ್ಬರು ಎತ್ತುವುದೇ ಇಲ್ಲ. ಹಿರಿಯರು ಇದನ್ನು ಮರ್ಯಾದೆ ಅಂದರು. ಇರಬಹುದು. ಆದರೆ ಆ ಮರ್ಯಾದೆ, ವರಸೆಯಲ್ಲಿ ಅವಳ ಅಣ್ಣತಮ್ಮಂದಿರೇ ಆಗುವ ಊರಿನ ಮುಕ್ಕಾಲು ಗಂಡಸರನ್ನು ಆರೋಗ್ಯ ಕೇಂದ್ರದಿಂದ ಬಾವಂದಿರ ಜಗಲಿಗೆ ಕಳಿಸಿತ್ತು.

ಏಕೆಂದರೆ ಬಾವಂದಿರ ನಡುವೆ ಆಡಬಾರದ ಮಾತೇ ಇಲ್ಲ. ಬಾವ ಏನೆಂದರೂ ಸಿಟ್ಟಾಗುವಂತಿಲ್ಲ, ಬಾವ ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಇಲಿಸೋನಿಯ ಸೋದರಮಾವನ ಮಗ ಪೌಲಿಯಾಸಿ ಇದರಲ್ಲಿ ಎತ್ತಿದ ಕೈ.

ಆ ಶನಿವಾರ ಮಧ್ಯಾಹ್ನ ಪೌಲಿಯಾಸಿಯ ಜಗಲಿಯ ಮೇಲೆ ಗಂಡಸರೆಲ್ಲ ಮರದ ದೊಡ್ಡ ಬೋಗುಣಿಯ ಸುತ್ತ ಚಾಪೆ ಹಾಸಿ ಕೂತಿದ್ದರು. ಬೇರಿನ ಪುಡಿಯನ್ನು ನೀರಿಗೆ ಕಲಸಿದ ಯಂಗೋನ ಎಂಬ ಅಮಲಿನ ಪಾನೀಯ ತೆಂಗಿನ ಚಿಪ್ಪಿನಲ್ಲಿ ಒಬ್ಬರ ಕೈಯಿಂದ ಒಬ್ಬರಿಗೆ ಹೋಗುತ್ತಿತ್ತು.

"ಏನ್ ಬಾವಾ, ಇನ್ನೂ ಇಲ್ಲೇ ಕೂತಿದೀಯ?" ಪೌಲಿಯಾಸಿ ಶುರು ಮಾಡಿದ. "ಮನೇಲಿ ಚಾಪೆ ಚುಚ್ಚುತ್ತಾ?"

"ಸುಮ್ನಿರೋ ಮಾರಾಯ."

"ಸುಮ್ನಿರಕ್ಕೆ ನಾನೇನು ನಿನ್ ಲಾರೀನಾ? ಅದು ಗುಡ್ಡ ಹತ್ತೋದೇ ಬಿಟ್ಟಿದೆ ಅಂತ ಊರೆಲ್ಲ ಹೇಳ್ತಾರೆ!"

ಜಗಲಿ ಬಿದ್ದು ಬಿದ್ದು ನಕ್ಕಿತು. ಹೋದ ವರ್ಷ ಮಗ ಎಪೇಲಿ ಸತ್ತ ಮೇಲೆ ನಗುವುದನ್ನೇ ಮರೆತಿದ್ದ ಮುದುಕ, ಇಲಿಸೋನಿಯ ಎರೋನಿ ದೊಡ್ಡಪ್ಪನೂ ಬೊಚ್ಚು ಬಾಯಿ ತೆರೆದು ನಕ್ಕ. ಇಲಿಸೋನಿಯೂ ನಕ್ಕ. ನಗದೆ ಇದ್ದರೆ ಸೋತಂತೆ. ಒಳಗೆ ಮಾತ್ರ ಅವನ ಜೀವ ಹಿಡಿಯಷ್ಟಾಗಿತ್ತು.

ನಗು ಆರಿದ ಮೇಲೆ ಪೌಲಿಯಾಸಿ ಬೆನ್ನು ತಿರುಗಿಸಿ ಜೇಬಿನಿಂದ ಏನನ್ನೋ ತೆಗೆದ. ಬೆಳ್ಳಿ ಹಾಳೆಯಲ್ಲಿ ಒಂದು ನೀಲಿ ಮಾತ್ರೆ. ಹಾಳೆಯ ಮೇಲೆ ಹೆಸರೂ ಇಲ್ಲ, ಊರೂ ಇಲ್ಲ.

"ಹಡಗಿನವನ ಹತ್ರ ತಂದಿದ್ದು. ಇಟ್ಕೋ. ಒಂದೇ ಸಾಕು."

"ನಂಗೆ ಎದೆ ಔಷಧಿ ಇದೆಯಲ್ಲೋ. ಏನೂ ಆಗಲ್ವಾ?"

"ಎದೆಗೇನಾಗುತ್ತೆ? ಇದು ಕೆಳಗಿನ ಮಹಡಿಗೆ! ನುಂಗು ಬಾವಾ, ನಾನು ಕೊಟ್ಟಿದ್ದನ್ನ ಬೇಡ ಅಂತೀಯಾ?"

ಇನ್ನೇನು ಅನ್ನುವುದು? ಮುಂದಿನ ಚಿಪ್ಪಿನ ಜೊತೆ ಇಲಿಸೋನಿ ಅದನ್ನು ನುಂಗಿದ. ಇವತ್ತಾದರೂ ವಾಸೀತಿಯ ಮುಖ ನೋಡಿ ಮಾತಾಡಬಹುದು ಎಂದು ಅವನಿಗೆ ಸಂತೋಷವೇ ಆಯಿತು, ಪಾಪ.

ಮನೆಗೆ ಹೋಗುವ ದಾರಿಯಲ್ಲಿ ಸೌದೆ ಹೊರೆ ಹೊತ್ತು ದಿಣ್ಣೆ ಹತ್ತಿದ. ಅರ್ಧ ಹತ್ತುವಾಗ ಎದೆಯ ಮೇಲೆ ಯಾರೋ ಕಾಲಿಟ್ಟು ನಿಂತಂತಾಯಿತು. ಸ್ಪ್ರೇ ಲಾರಿಯಲ್ಲೇ ಉಳಿದಿತ್ತು. ಬೇಲಿ ಹಿಡಿದು ಕುಸಿದವನನ್ನು ಕಂಡು ವಾಸೀತಿ ಓಡಿಬಂದಳು. ಪಕ್ಕದ ಮನೆಯವರು ಹೆಗಲು ಕೊಟ್ಟು ಇಬ್ಬರನ್ನೂ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಿದರು.

ಲಿತಿಯಾ ಅಣ್ಣನ ಮುಖ ನೋಡಲಿಲ್ಲ. ಕೈ ಹಿಡಿದು ನಾಡಿ ನೋಡಿದಳು, ಮಾತು ಮಾತ್ರ ಅತ್ತಿಗೆಯ ಮೂಲಕ. "ಅತ್ತಿಗೆ, ಕೇಳಿ. ಬೇರೆ ಮಾತ್ರೆ ಏನಾದ್ರೂ ತಗೊಂಡಿದಾನಾ?"

ಯಾವ ಮಾತ್ರೆ ಅಂತ ಅವಳೂ ಬಿಡಿಸಿ ಹೇಳಲಿಲ್ಲ. ತರಬೇತಿಯಲ್ಲಿ ಕಲಿಸಿದ್ದರು, ಬಾಯಿಗೆ ಬರಬೇಕಲ್ಲ?

"ಕೇಳ್ತಿದಾಳೆ ನೋಡು, ಏನಾದ್ರೂ ತಗೊಂಡಿದೀಯಾ?" ಅಂದಳು ವಾಸೀತಿ.

ಇಲಿಸೋನಿ ಇಲ್ಲ ಎಂದು ತಲೆ ಆಡಿಸಿದ.

ಲಿತಿಯಾ ಕೇಂದ್ರದಲ್ಲಿದ್ದ ಎದೆ ಸ್ಪ್ರೇಯ ಮುಚ್ಚಳ ತೆಗೆದಳು. "ನಾಲಗೆ ಎತ್ತಕ್ಕೆ ಹೇಳಿ, ಅತ್ತಿಗೆ."

ಅವನು ಬಾಯಿ ತೆರೆದ. ಆಗ ಕಂಡದ್ದು ಹೆಂಡತಿ. ಅವನ ಪಾದ ಎರಡನ್ನೂ ತಬ್ಬಿ ಹಿಡಿದು ಗೊಣಗುತ್ತಿದ್ದಳು. "ಯಾರ ಹತ್ರ ಬೇಕಾದ್ರೂ ಹೋಗಲಿ ದೇವರೇ, ಇವನನ್ನ ಉಳಿಸು. ಯಾರ ಹತ್ರ ಬೇಕಾದ್ರೂ ಹೋಗಲಿ." ಇಲಿಸೋನಿಗೆ ಎದೆನೋವಿಗಿಂತ ಜೋರಾಗಿ ಅದು ಚುಚ್ಚಿತು. ಇಷ್ಟು ತಿಂಗಳು ಇವಳು ಹೀಗೆ ತಿಳಿದುಕೊಂಡಿದ್ದಳೇ? ಈಗ ಸತ್ತರೆ ಹಾಗೇ ತಿಳಿದುಕೊಂಡು ಉಳಿಯುತ್ತಾಳೆ!

ಅವನು ತಂಗಿಯ ಕೈ ತಳ್ಳಿದ. ಹರೆಯ ಬಂದಂದಿನಿಂದ ಆಡದಿದ್ದ ಹೆಸರು ಬಾಯಿಂದ ಬಂತು. "ಲಿತಿಯಾ, ತಗೊಂಡಿದೀನಿ. ಗಂಡಸ್ತನದ ಮಾತ್ರೆ. ನೀಲಿದು, ಮಧ್ಯಾಹ್ನ ಪೌಲಿಯಾಸಿ ಕೊಟ್ಟ. ನಂಗೆ ಆಗ್ತಿಲ್ಲ ಕಣೇ, ಎಷ್ಟೋ ತಿಂಗಳಾಯ್ತು. ಬೇರೆ ಯಾರೂ ಇಲ್ಲ ವಾಸೀತಿ, ಯಾರೂ ಇಲ್ಲ."

ಕೆಂಡ ಮುಟ್ಟಿದವಳಂತೆ ಲಿತಿಯಾ ಸ್ಪ್ರೇ ಹಿಂದಕ್ಕೆಳೆದಳು. ಮುಂದೆ ಅವಳು ನರ್ಸು ಮಾತ್ರ ಆಗಿದ್ದಳು. ಮಲಗಿಸಿದಳು, ಅಗಿಯಲು ಆಸ್ಪಿರಿನ್ ಕೊಟ್ಟಳು, ಆಮ್ಲಜನಕ ಹಚ್ಚಿದಳು, ಆಸ್ಪತ್ರೆಗೆ ಫೋನ್ ಮಾಡಿ ಇಂಥ ಮಾತ್ರೆ ತಗೊಂಡಿದಾನೆ ಅಂತ ಬಿಡಿಸಿ ಬಿಡಿಸಿ ಹೇಳಿದಳು. ಗಾಡಿಗೆ ಕಾಯುವಾಗ ಅಣ್ಣನ ಮುಖ ನೇರ ನೋಡಿ ಅಂದಳು, "ಈ ಸ್ಪ್ರೇನೂ ರಕ್ತನಾಳ ಸಡಿಲ ಮಾಡುತ್ತೆ, ಆ ಮಾತ್ರೇನೂ ಸಡಿಲ ಮಾಡುತ್ತೆ. ಎರಡೂ ಸೇರಿದ್ರೆ ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತೆ ಅಣ್ಣ. ನಾನೇ ನನ್ನ ಕೈಯಾರೆ ನಿನ್ನ..." ಅವಳು ಮಂಚದ ಕಡೆ ನೋಡಿದಳು. "ಎಪೇಲಿ ಅಣ್ಣನೂ ಇದೇ ಮಂಚದ ಮೇಲೆ ಹೀಗೇ ತಲೆ ಆಡಿಸಿದ್ದ."

ವಾಸೀತಿ ಮಾತ್ರ ಅಳುತ್ತಲೇ ಗಂಡನ ಕಾಲಿಗೆ ಒಂದು ಬಿಟ್ಟಳು. "ಇಷ್ಟಕ್ಕಾ? ಇಷ್ಟಕ್ಕೆ ನನ್ನನ್ನ ಇಷ್ಟು ದಿನ ಸುಟ್ಟೆಯಾ?"

ಇಲಿಸೋನಿ ಬದುಕಿದ. ಪಟ್ಟಣದ ಆಸ್ಪತ್ರೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಇರುವುದನ್ನೂ ಕಂಡುಹಿಡಿದರು. "ಮಂಚದ ಮೇಲೆ ಸೋತಿದ್ದು ಗಂಡಸ್ತನ ಅಲ್ಲಪ್ಪ, ರಕ್ತನಾಳ," ಎಂದರು. "ಎಷ್ಟೋ ಸಲ ಎದೆ ಕಾಯಿಲೆ, ಸಕ್ಕರೆ ಕಾಯಿಲೆ ಮೊದಲು ಅಲ್ಲೇ ಗೊತ್ತಾಗೋದು. ಮಾತ್ರೆ ಒಳ್ಳೇದೇ. ಆದ್ರೆ ಯಾರಿಗೆ, ಎಷ್ಟು, ಯಾವ ಔಷಧಿ ಜೊತೆ ಅಂತ ನೋಡದೆ ಜೇಬಿಂದ ತೆಗೆದು ಕೊಟ್ರೆ ಅದೇ ವಿಷ. ಎದೆ ಸ್ಪ್ರೇ ಇಟ್ಕೊಂಡವನು ಅದನ್ನ ಮುಟ್ಟಲೇಬಾರದು. ಮೊದಲು ಎದೆ ನೋಡೋಣ. ಆಮೇಲೆ ಇದಕ್ಕೂ ದಾರಿ ಇದೆ, ಹೆದರಬೇಡ."

ಊರಿಗೆ ಬಂದ ಮೇಲೆ ಇಲಿಸೋನಿ ಮೊದಲು ಹೋದದ್ದು ಪೌಲಿಯಾಸಿಯ ಜಗಲಿಗೆ, ಅದೂ ಲಿತಿಯಾಳನ್ನು ಜೊತೆಗೆ ಕರೆದುಕೊಂಡು. ಅವಳು ಮೆಟ್ಟಿಲ ಬಳಿ ನಿಂತಳು. ಚಿಪ್ಪು ಹಿಡಿದ ಕೈಗಳು ಹಾಗೇ ನಿಂತವು.

"ಏನಿದು?" ಎರೋನಿ ದೊಡ್ಡಪ್ಪ ಗುಡುಗಿದ. "ಗಂಡಸರು ಕೂತ ಕಡೆ ತಂಗೀನ ಕರ್ಕೊಂಡು ಬಂದು ಎಂಥ ಮಾತಾಡಕ್ಕೆ ಹೊರಟಿದೀಯ?"

"ಆ ಮಾತ್ರೆ ಮಾತು ದೊಡ್ಡಪ್ಪ. ಇವಳು ಹೇಳಲಿ, ನಾವು ಕೇಳೋಣ."

"ನಾಚಿಕೆ ಆಗಲ್ವಾ ನಿಂಗೆ? ಅಣ್ಣ ತಂಗಿ ಇಂಥದ್ದು ಆಡ್ಕೊಂಡ್ರೆ ಊರು ಉಳಿಯುತ್ತಾ? ನಮ್ಮಪ್ಪ, ನಮ್ಮಜ್ಜ ಯಾರೂ ಆಡಲಿಲ್ಲ. ಅವರೇನು ಸಂಸಾರ ಮಾಡ್ಲಿಲ್ವಾ?"

"ಅವರ ಕಾಲದಲ್ಲಿ ಈ ಮಾತ್ರೆ ಇರಲಿಲ್ಲ, ಈ ಸ್ಪ್ರೇನೂ ಇರಲಿಲ್ಲ. ಈಗ ಎರಡೂ ಬಂದಿದೆ, ಮಾತು ಮಾತ್ರ ಬಂದಿಲ್ಲ. ನಾನು ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ರೆ ಇವತ್ತು ನನ್ನ ಮಣ್ಣು ಮಾಡಿ ಬಂದು ಇಲ್ಲಿ ಕೂತಿರ್ತಿದ್ರಿ."

"ಸಾಯೋ ಹಣೆಬರಹ ಇದ್ರೆ ಸಾಯ್ತಾನೆ! ನನ್ನ ಎಪೇಲಿ ಸಾಯ್ಲಿಲ್ವಾ? ಬೆಟ್ಟದಂಥ ಮಗ. ಎದೆ ನಿಂತಿತು, ಹೋದ. ಅದಕ್ಕೂ ಮಾತ್ರೆ ಅಂತೀಯಾ?"

ಊರಿಗೇ ಬಾಯಿ ಎನಿಸಿದ್ದ ಪೌಲಿಯಾಸಿ ಬೋಗುಣಿಯ ಮುಂದೆ ಮುಖ ಮುಚ್ಚಿಕೊಂಡು ಕೂತಿದ್ದ. ಹೆಗಲು ಅಲುಗುತ್ತಿತ್ತು.

"ಮಾವ," ಅಂದ ಕೊನೆಗೆ. "ಎಪೇಲಿಗೂ ಕೊಟ್ಟಿದ್ದೆ. ಅವತ್ತು ಮಧ್ಯಾಹ್ನ. ಇಲ್ಲೇ. ನಗ್ತಾ ಕೊಟ್ಟೆ. ದೇವರಾಣೆ ನಂಗೆ ಗೊತ್ತಿರಲಿಲ್ಲ ಮಾವ."

ಮೆಟ್ಟಿಲ ಬಳಿ ಲಿತಿಯಾ ಕಂಬ ಹಿಡಿದುಕೊಂಡಳು. "ಕೇಳಿದ್ದೆ," ಅಂದಳು. "ಬೇರೆ ಏನಾದ್ರೂ ತಗೊಂಡಿದಾನಾ ಅಂತ ಕೇಳಿದ್ದೆ. ಅವನು ಇಲ್ಲ ಅಂದ. ಎದೆನೋವಿಗೆ ಅಂತ ನಾನು ಸ್ಪ್ರೇ ಹೊಡೆದೆ. ನನ್ನ ಕೈಯಲ್ಲೇ ಹೋದ."

"ತಪ್ಪು ನಿನ್ನ ಕೈದಲ್ಲ ತಂಗಿ," ಇಲಿಸೋನಿ ಅಂದ. "ನಮ್ಮ ಬಾಯಿದು."

ಮಗ ಹಣೆಬರಹದಿಂದ ಹೋದ ಎಂದು ನಂಬಿಕೊಂಡು ಎರೋನಿ ಒಂದು ವರ್ಷ ಹೇಗೋ ತಳ್ಳಿದ್ದ. ಈಗ ಆ ಆಸರೆಯೂ ಹೋಯಿತು. ಪೌಲಿಯಾಸಿಯನ್ನು ಬಯ್ಯುತ್ತಾನೆ, ಹೊಡೆದೇ ಬಿಡುತ್ತಾನೆ ಎಂದು ಎಲ್ಲರೂ ಕಾದರು. ಅವನು ತನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೈ ತಟ್ಟಿದ.

"ಬಾ ಮಗಳೇ," ಅಂದ. "ಇಲ್ಲಿ ಕೂತ್ಕೋ. ಕೇಳು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳು. ಉತ್ತರ ಕೊಡದವನು ಈ ಬೋಗುಣಿ ಹತ್ರ ಬರೋದು ಬೇಡ."

ಲಿತಿಯಾ ಬಂದು ಕೂತಳು. ಕಿವಿ ಕೆಂಪಾಗಿತ್ತು, ಆದರೂ ಕೇಳಿದಳು. ಪೌಲಿಯಾಸಿ ಜೇಬು ಬರಿದು ಮಾಡಿ ಮಾತ್ರೆಗಳನ್ನೆಲ್ಲ ಅವಳ ಮಡಿಲಿಗೆ ಹಾಕಿದ. ಎದೆ ಔಷಧಿ ಇದ್ದೂ ಅದನ್ನು ನುಂಗಿದವರು ಆ ಜಗಲಿಯಲ್ಲಿ ಇನ್ನೂ ಇದ್ದರು. ತಂಗಿಯಂದಿರ ಎದುರು ಬಾಯಿ ಬಾರದವರಿಗೆ ಆಸ್ಪತ್ರೆಯಿಂದ ತಿಂಗಳಿಗೊಮ್ಮೆ ಗಂಡಸು ನರ್ಸು ಬರುವಂತೆ ಇಲಿಸೋನಿಯೇ ಓಡಾಡಿ ಏರ್ಪಾಡು ಮಾಡಿಸಿದ. ಬಾವನನ್ನು ಅಲ್ಲಿಗೆ ಎಳೆದುಕೊಂಡು ಹೋಗುವ ಕೆಲಸ ಪೌಲಿಯಾಸಿಯದು. ಈಗ ಅವನ ತಮಾಷೆಯೆಲ್ಲ ಅದೇ. "ಏನ್ ಬಾವಾ, ಗಾಡಿ ತೋರಿಸ್ದೇನೇ ಪೆಟ್ರೋಲ್ ಹಾಕಿಸ್ತೀಯಾ?"

ಇಲಿಸೋನಿಗೆ ಮಾತ್ರ ಡಾಕ್ಟರು ತಿಂಗಳುಗಟ್ಟಲೆ ಕಾಯಿಸಿದರು. ಸಿಗರೇಟು ಬಿಡಿಸಿದರು, ಸಕ್ಕರೆ ಹತೋಟಿಗೆ ತಂದರು, ಎದೆಯ ಔಷಧಿ ಬದಲಿಸಿದರು, ನಡೆಸಿ ಓಡಿಸಿ ಎದೆ ಪರೀಕ್ಷೆ ಮಾಡಿದರು. ಇನ್ನು ಅಡ್ಡಿಯಿಲ್ಲ ಎಂದಾದ ಮೇಲೆ ಸ್ಪ್ರೇ ವಾಪಸು ತೆಗೆದುಕೊಂಡು ಸಣ್ಣ ಪ್ರಮಾಣದ ಮಾತ್ರೆ ಬರೆದುಕೊಟ್ಟರು. ಹೊಟ್ಟೆ ತುಂಬ ತಿಂದು ತಗೋಬೇಡ, ಕುಡಿದು ತಗೋಬೇಡ, ದಿನಕ್ಕೆ ಒಂದರ ಮೇಲೆ ಬೇಡ, ಎದೆ ನೋವು ಬಂದರೆ ಮೊದಲು ಬಾಯಿಬಿಡು. ವಾಸೀತಿಯನ್ನೂ ಪಕ್ಕ ಕೂರಿಸಿಕೊಂಡೇ ಹೇಳಿದರು.

ಒಂದು ಭಾನುವಾರ ಬೆಳಿಗ್ಗೆ ರಕ್ತದೊತ್ತಡ ನೋಡಿಸಲು ಇಲಿಸೋನಿ ಆರೋಗ್ಯ ಕೇಂದ್ರದಲ್ಲಿ ಕೂತಿದ್ದ. ಲಿತಿಯಾ ತೋಳಿಗೆ ಪಟ್ಟಿ ಸುತ್ತಿದಳು.

ಅವನು ಕಿಟಕಿಯ ಕಡೆ ನೋಡುತ್ತ ಅಂದ, "ತಂಗಿ, ನಿನ್ನೆ ಒಂದು ಮಾತ್ರೆ ತಗೊಂಡಿದೀನಿ."

ಅವಳು ಬಾಗಿಲ ಕಡೆ ನೋಡುತ್ತ ಅಂದಳು, "ಸರಿ ಅಣ್ಣ. ತಲೆ ಸುತ್ತಿತಾ?"

"ಇಲ್ಲ."

"ಎದೆ?"

"ಚೆನ್ನಾಗಿದೆ."

ಅಷ್ಟರಲ್ಲಿ ಮನೆ ಕಡೆಯಿಂದ ವಾಸೀತಿಯ ಗಂಟಲು ಕೇಳಿಸಿತು. ಇಷ್ಟು ಸಣ್ಣ ಮೀನು ಯಾರಾದರೂ ತರುತ್ತಾರಾ ಅಂತ ಊರಿಗೆಲ್ಲ ಕೇಳುವ ಹಾಗೆ ಬಯ್ಯುತ್ತಿದ್ದಳು. ಅಣ್ಣ ತಂಗಿ ಇಬ್ಬರೂ ಒಟ್ಟಿಗೇ ನಕ್ಕರು.