ಏರದ ನಾಡಿ

ನನ್ನ ಗಂಡ ಸಾಯಬಣ್ಣನವರ ನಾಡಿ ನಿಧಾನ ಎಂಬುದು ಒಂದು ಕಾಲಕ್ಕೆ ನಮ್ಮ ಮನೆಯ ಹೆಮ್ಮೆಯಾಗಿತ್ತು. ವಿಜಯಪುರದ ಗರಡಿಯಲ್ಲಿ ಬೆಳೆದ ಮೈ. ನಿಮಿಷಕ್ಕೆ ಐವತ್ತೈದರ ಆಸುಪಾಸು. ಕಸರತ್ತಿನ ಮೈಗೆ ಇದು ರೋಗವಲ್ಲ ಎಂದು ಡಾಕ್ಟರೊಬ್ಬರು ಹೇಳಿದ್ದೇ ತಡ, ನಾವು ದುಡಿಯಲು ಬಂದು ನೆಲೆಸಿದ ಆಂಟಾಪ್ ಹಿಲ್‌ನ ಓಣಿಯಲ್ಲೆಲ್ಲ ಎದೆಯುಬ್ಬಿಸಿ ತಿರುಗಿದರು.

ಹೋದ ವರ್ಷ ಅದು ನಲವತ್ತೆರಡಕ್ಕೆ ಇಳಿಯಿತು. ಅವರು ಟವರ್ ಕ್ರೇನ್ ನಡೆಸುವವರು. ಆರು ತಿಂಗಳಿಗೊಮ್ಮೆ ದಾದರಿನಲ್ಲಿ ಕಂಪನಿಯ ಡಾಕ್ಟರು ಪಾಸು ಮಾಡದಿದ್ದರೆ ಮೇಲೆ ಹತ್ತಲು ಬಿಡುವುದಿಲ್ಲ. ನಾನು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ನಾಡಿ ಎಣಿಸುವುದನ್ನು ನರ್ಸುಗಳಿಂದ ಕಲಿತವಳು. ತಪಾಸಣೆಗೆ ಮುಂಚೆ ನಾಡಿ ಏರಲೆಂದು ಅವರನ್ನು ದವಾಖಾನೆಯ ಪಕ್ಕದ ಬಿಲ್ಡಿಂಗಿನ ನಾಲ್ಕು ಮಾಳಿಗೆ ಹತ್ತಿಸಿ ಇಳಿಸಿದೆ. ಎಪ್ಪತ್ತೆರಡಾಯಿತು, ಪಾಸಾದರು. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕಬೇಕು!

ಈ ಸಲದ ತಪಾಸಣೆಯ ಹಿಂದಿನ ದಿನ, ಬೂಟಿನ ದಾರ ಕಟ್ಟುತ್ತಿದ್ದವರು ಹಾಗೇ ಪಕ್ಕಕ್ಕೆ ಉರುಳಿದರು. ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಎದ್ದು, ಪಿತ್ತ ಎಂದರು. ಪಿತ್ತವೆಂದು ನಂಬುವುದು ನನಗೂ ಅನುಕೂಲವಾಗಿತ್ತು.

ಮರುದಿನ ಮೆಟ್ಟಿಲು ಹತ್ತಿ ಇಳಿದು, ಏದುಸಿರು ಬಿಡುತ್ತ ಕೈ ಚಾಚಿದರು. ಗಡಿಯಾರ ನೋಡುತ್ತ ಎಣಿಸಿದೆ. ಮೂವತ್ತೊಂಬತ್ತು. ಮತ್ತೆ ಎಣಿಸಿದೆ, ಅಷ್ಟೇ.

"ಎಷ್ಟ ಆತು?"

"ಏರವಲ್ದು ರೀ."

"ತಡಿ, ಇನ್ನೊಮ್ಮೆ ಹತ್ತಿ ಬರತೇನಿ."

ಅಂಗಿ ಹಿಡಿದೆ. ಕೊಸರಿಕೊಂಡರು, ಬಿಡಲಿಲ್ಲ. ಎಳೆದುಕೊಂಡೇ ಹೋಗಿ ಡಾಕ್ಟರ ಮುಂದೆ ನಿಂತು, ಬಿದ್ದದ್ದು, ಮೆಟ್ಟಿಲು ಹತ್ತಿಸಿದ್ದು, ಎಲ್ಲ ಹೇಳಿಬಿಟ್ಟೆ.

ಡಾಕ್ಟರು ಇಸಿಜಿ ತೆಗೆದು ನೋಡಿ ಹಿಂದಿಯಲ್ಲಿ ನನ್ನನ್ನೇ ಬೈದರು. ಬರೀ ನಿಧಾನವಿದ್ದರೆ ಬೇರೆ ಮಾತು. ತಲೆಸುತ್ತು ಬಂದರೆ, ಉಸಿರು ಕಟ್ಟಿದರೆ, ಎದೆ ನೋವಾದರೆ ತಡಮಾಡಬಾರದು, ಎಚ್ಚರ ತಪ್ಪಿದ ಗಳಿಗೆಯಲ್ಲೇ ಕರೆತರಬೇಕಿತ್ತು ಎಂದರು. ಪೇಸ್‌ಮೇಕರ್ ಬೇಕಾಗಬಹುದು, ಕ್ರೇನಿನ ಮಾತು ಬಿಡಿ ಎಂದು ಆಂಬ್ಯುಲೆನ್ಸ್ ಕರೆಸಿದರು.

ಆಂಬ್ಯುಲೆನ್ಸಿನಲ್ಲಿ ಮಲಗಿದವರು ನನ್ನನ್ನು ದುರುಗುಟ್ಟಿ ನೋಡಿದರು.

"ಹದಿನೈದ ವರ್ಷ ಮ್ಯಾಲೇ ಕುಂತೀನಿ. ಇನ್ನ ಕೆಳಗ ಏನ ಮಾಡಲಿ? ನನ್ನ ಅನ್ನಕ್ಕ ನೀನೇ ಮಣ್ಣ ಹಾಕಿದಿ."

"ಹೂಂ, ಹಾಕೀನಿ. ಬೈರಿ. ಬೈಯಾಕರ ಜೀವಂತ ಇರ್ರಿ."

ಅವರು ಮುಖ ತಿರುಗಿಸಿಕೊಂಡರು. ಕೈ ಮಾತ್ರ ನನ್ನ ಕೈಯಲ್ಲೇ ಇತ್ತು. ಎಣಿಸುವ ಧೈರ್ಯ ನನಗಾಗಲಿಲ್ಲ.