ಹುಚ್ಚೆಳ್ಳು ಚಟ್ನಿಯ ಪಂದ್ಯ

ಹುಲ್ಲಹಳ್ಳಿಯ ಮಲ್ಲಾಜಮ್ಮನಿಗೆ ಮಿಕ್ಸಿ ಕಂಡರೆ ಆಗದು. ಹುಚ್ಚೆಳ್ಳು ಚಟ್ನಿಯನ್ನು ಕಲ್ಲಿನಲ್ಲೇ ಅರೆಯಬೇಕು, ಇಲ್ಲದಿದ್ದರೆ ಮುದ್ದೆ ಮುಟ್ಟುವುದಿಲ್ಲ ಎಂಬುದು ಅವಳ ಹಟ. ಆ ಹಟ ಬಂದು ಸುತ್ತಿಕೊಂಡದ್ದು ಮೊಮ್ಮಗಳು ಶಿವಾನಿಯ ಕೊರಳಿಗೆ. ಭಾನುವಾರ ಬಂತೆಂದರೆ ಬೀದಿಯ ಮಕ್ಕಳೆಲ್ಲ ಕಾಲುವೆ ಏರಿಯ ಮೇಲೆ ಕುಣಿಯುವಾಗ ಇವಳು ರುಬ್ಬುಗುಂಡು ತಿರುಗಿಸುತ್ತ ಕೂರಬೇಕು. ಯಾವ ಜನ್ಮದ ಕರ್ಮವೋ!

ಈ ಭಾನುವಾರ ಹುಡುಗಿ ಒಂದು ಹೂಟ ಹೂಡಿದಳು. ಸ್ಕೂಲಿನಲ್ಲಿ ಕಣ್ಣು ಕಟ್ಟಿ ರುಚಿ ಹೇಳಿಸುವ ಆಟ ಆಡಿಸಿದ್ದರು, ಅದನ್ನೇ ಮನೆಗೆ ತಂದಳು. ಒಂದು ಬಟ್ಟಲಲ್ಲಿ ಕಲ್ಲಿನ ಚಟ್ನಿ, ಇನ್ನೊಂದರಲ್ಲಿ ಮಿಕ್ಸಿಯದು. ಯಾವುದು ಯಾವುದೆಂದು ಅಜ್ಜಿ ಹೇಳಬೇಕು. ತಪ್ಪಿದರೆ ಅಂದಿನಿಂದ ಕಲ್ಲಿಗೆ ವಿಶ್ರಾಂತಿ. ಸರಿಯಾದರೆ ಬೇಸಿಗೆ ರಜೆ ಪೂರ್ತಿ ಶಿವಾನಿ ತುಟಿ ಪಿಟಕ್ಕೆನ್ನದೆ ಅರೆಯಬೇಕು. ಮಲ್ಲಾಜಮ್ಮ ತಾನೇ ತಲೆ ಬಗ್ಗಿಸಿ ಟವಲ್ಲು ಕಟ್ಟಿಸಿಕೊಂಡು ಜಗಲಿಯಲ್ಲಿ ಕೂತಳು.

ಒಳಗೆ ಹೋದ ಶಿವಾನಿ ಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮನ ಕೈಯಲ್ಲಿ ಮಿಕ್ಸಿ ಹಾಕಿಸಿ, ಎರಡೂ ಬಟ್ಟಲಿಗೆ ಅದನ್ನೇ ತುಂಬಿದಳು. ಯಾವುದನ್ನು ಕಲ್ಲಿನದು ಎಂದರೂ ಅಜ್ಜಿ ಸೋತಂತೆಯೇ. ಅಮ್ಮನಿಗೂ ಆ ಕಲ್ಲು ಸಾಕಾಗಿ ಹೋಗಿತ್ತು, ನಕ್ಕು ಸುಮ್ಮನಾದಳು.

ಮಲ್ಲಾಜಮ್ಮ ಮೊದಲನೆಯದನ್ನು ನೆಕ್ಕಿ ಮಿಕ್ಸಿಯದೆಂದಳು. ಎರಡನೆಯದನ್ನು ಚಪ್ಪರಿಸಿ ಚಪ್ಪರಿಸಿ ತಿಂದು, ಕಲ್ಲಿನದೆಂದರೆ ಇದಪ್ಪ, ನನ್ನ ಮೊಮ್ಮಗಳ ಕೈಗುಣವೇ ಕೈಗುಣ ಎಂದು ಹೊಗಳಿದಳು.

ಶಿವಾನಿ ಕುಪ್ಪಳಿಸಿದಳು. "ಸೋತೋದೆ ಅಜ್ಜಿ! ಎಲ್ಡೂ ಮಿಕ್ಸೀದೆ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಆಡಿ ಆಗಿತ್ತು.

ಅಜ್ಜಿ ಟವಲ್ಲು ಬಿಚ್ಚಿದಳು. "ಕಣ್ ಕಟ್ದೆ ಸರಿ, ಕಿವಿ ಕಟ್ಟಿದ್ಯಾ ಕೂಸೆ? ಮಿಕ್ಸಿ ಗರ್ ಅಂದದ್ದು ಬೀದಿಗೆಲ್ಲ ಕೇಳ್ತು. ಗುಂಡು ಒಂದ್ಸಲಾನಾದ್ರೂ ಉರುಳ್ತಾ?"

ಬೇಕೆಂದೇ ಹೊಗಳಿದ್ದಳು ಮುದುಕಿ! ಇವಳು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರುವವಳು. ಮೋಸ ಮಾಡಿದವರೇ ಸೋತಂತೆ ಎಂದು ತೀರ್ಪೂ ಕೊಟ್ಟಳು. ಬೇಸಿಗೆ ರಜೆಯೆಲ್ಲ ಕಲ್ಲಿನ ಮುಂದೆ ಎಂದು ನೆನೆದು ಶಿವಾನಿಗೆ ಅಳುವೇ ಬಂತು.

ಅಳು ನೋಡಿ ಅಜ್ಜಿಯ ಕರುಳು ಚುರ್ ಎಂದಿತು. ಇನ್ನೊಂದು ಆಟ ಆಡೋಣ ಎಂದು ತಾನೇ ಕೂತು ಒಂದು ಹಿಡಿ ಅರೆದಳು. ಈ ಸಲ ಶಿವಾನಿಯ ಕಣ್ಣು ಕಟ್ಟಿ, ಮುಂದೆ ಮುದ್ದೆ ಬಡಿಸಿ, ಎರಡು ಬಗೆಯ ಚಟ್ನಿಯನ್ನೂ ಕೈಗೆ ಸಿಗುವಂತೆ ಇಟ್ಟಳು. ಎರಡೂ ಒಂದೇ ರುಚಿ ಎಂದು ಮೊಮ್ಮಗಳ ನಾಲಿಗೆ ಹೇಳಿದರೆ ಕಲ್ಲಿಗೆ ವಿಶ್ರಾಂತಿ.

ಅಷ್ಟೇ ತಾನೇ! ಹುಡುಗಿ ಎರಡರಲ್ಲೂ ಅದ್ದಿ ತಿಂದಳು. ಎರಡೂ ಒಂದೇ ಎಂದಳು. ಹಾಗೆ ಅನ್ನುತ್ತ ಅನ್ನುತ್ತಲೇ ಮುದ್ದೆ ಪೂರ್ತಿ ಮುಗಿಸಿದಳು.

"ಎಲ್ಡೂ ಒಂದೇ ಅಂತೀಯ," ಎಂದಳು ಮಲ್ಲಾಜಮ್ಮ ಮೆಲ್ಲಗೆ, "ಮತ್ತೆ ಕಲ್ಲಿನ ಬಟ್ಲು ಮಾತ್ರ ಯಾಕವ್ವ ಖಾಲಿ ಆಗೋಯ್ತು?"

ಶಿವಾನಿ ಟವಲ್ಲು ಬಿಚ್ಚಲೇ ಇಲ್ಲ.