ಮಾವನ ಗಟ್ಟಿ ಹೊಲಿಗೆ

ನಮ್ಮ ಮಾವ ದರ್ಜಿ. ಅಂಗಡಿ ಮುಚ್ಚಿ ಆರು ವರ್ಷವಾದರೂ ಕೈ ಸುಮ್ಮನಿರುವುದಿಲ್ಲ. ಹರಿದದ್ದು ಕಣ್ಣಿಗೆ ಬಿದ್ದರೆ ಹೊಲಿಯಲೇಬೇಕು. ಒಮ್ಮೆ ದಿಂಬಿನ ಚೀಲದ ಬಾಯಿಯನ್ನೂ ಹರಿದದ್ದೆಂದುಕೊಂಡು ಹೊಲಿದುಬಿಟ್ಟಿದ್ದರು.

ನಾನು ಜೀವಶಾಸ್ತ್ರದ ಟೀಚರ್. ನಾಲ್ಕು ವರ್ಷದಿಂದ ತಾತ್ಕಾಲಿಕ. ಅಂದು ಮುಖ್ಯೋಪಾಧ್ಯಾಯಿನಿ ನನ್ನ ತರಗತಿಯಲ್ಲಿ ಕೂತು ಪಾಠ ಕೇಳುವವರಿದ್ದರು. ಮೆಚ್ಚಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಯ ದಾರಿ.

ಪಾಠ ಮಿಯಾಸಿಸ್. ಲಿಂಗಾಣುಗಳು ಹುಟ್ಟುವ ಬಗೆ. ಅದಕ್ಕೆಂದು ನಾಲ್ಕು ಕಾಲುಚೀಲ ಸಿದ್ಧಮಾಡಿದ್ದೆ. ಕೆಂಪು ಅಮ್ಮನಿಂದ ಬಂದ ವರ್ಣತಂತು, ನೀಲಿ ಅಪ್ಪನಿಂದ ಬಂದದ್ದು. ವಿಭಜನೆಗೆ ಮೊದಲು ವರ್ಣತಂತು ತನ್ನದೇ ನಕಲು ಮಾಡಿಕೊಳ್ಳುತ್ತದಲ್ಲ, ಹಾಗಾಗಿ ಎರಡೆರಡು. ನಡುವೆ ಒಂದೊಂದು ಪಿನ್ನು. ಆಮೇಲೆ ಕೆಂಪೂ ನೀಲಿಯೂ ಅಕ್ಕಪಕ್ಕ ಸೇರಿ ತುದಿಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಮಕ್ಕಳೆದುರು ಹಾಗೆ ಬದಲಿಸಲೆಂದು ಒಂದು ಕೆಂಪಿನ, ಒಂದು ನೀಲಿಯ ಬೆರಳತುದಿ ಕತ್ತರಿಸಿಟ್ಟಿದ್ದೆ. ಮೊದಲ ವಿಭಜನೆಯಲ್ಲಿ ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಎರಡನೆಯದರಲ್ಲಿ ಪಿನ್ನು ಬಿಚ್ಚಿ ನಾಲ್ಕು ಬಕೆಟ್ಟಿಗೆ ಒಂದೊಂದು. ನೀರು ಕುಡಿದಷ್ಟು ಸುಲಭ.

ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿ ಕುರ್ಚಿಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಅದೇ ನಾನು ಮಾಡಿದ ತಪ್ಪು.

ತರಗತಿಯಲ್ಲಿ ಕೈಚೀಲ ಬಿಚ್ಚಿದರೆ ಕೆಂಪಿಗೆ ನೀಲಿ ತುದಿ, ನೀಲಿಗೆ ಕೆಂಪು ತುದಿ, ಅಚ್ಚುಕಟ್ಟಾಗಿ ಹೊಲಿದಿದೆ! ಶೂ ಒಳಗಿನ ಬಣ್ಣ ಯಾರು ನೋಡ್ತಾರೆ ಅನ್ನುವುದು ಮಾವನ ಹಳೇ ಮಾತು. ಮೈಯೆಲ್ಲ ಉರಿಯಿತು. ಅದಲುಬದಲು ಆಗಲೇ ಮುಗಿದಿದೆ ಎಂದು ಮಕ್ಕಳಿಗೆ ಹೇಳಿ, ಹಲ್ಲು ಕಚ್ಚಿಕೊಂಡು ಮುಂದುವರಿದೆ. ಮೊದಲ ವಿಭಜನೆ ಸರಾಗವಾಗಿ ಆಯಿತು. ಎರಡನೆಯದರಲ್ಲಿ ನೀಲಿಗಳೂ ಬೇರೆಯಾದವು. ಕೆಂಪಿನಲ್ಲಿ ಮಾತ್ರ ಪಿನ್ನೇ ಇಲ್ಲ, ಎಲ್ಲೋ ಕಳಚಿ ಬಿದ್ದಿರಬೇಕು. ಅದರ ಜಾಗದಲ್ಲಿ ಎಂಟು ಸುತ್ತು ದಾರ.

ನಾನು ಎಳೆದೆ. ಮುಂದಿನ ಬೆಂಚಿನ ಉದ್ದ ಹುಡುಗಿ ಎಳೆದಳು. ಕೊನೆಗೆ ಮುಖ್ಯೋಪಾಧ್ಯಾಯಿನಿಯೇ ತೋಳೇರಿಸಿ ಎದ್ದರು.

"ಈ ತುದಿ ನಾನು ಹಿಡ್ಕೋತೀನಿ. ಎಳೀರಿ ಟೀಚರ್!"

ಎಳೆದೆ. ದಾರ ಜಗ್ಗಲಿಲ್ಲ. ಅವರ ಕೈ ಜಾರಿತು. ಹಿಂದಿದ್ದ ಬಕೆಟ್ಟಿನೊಳಗೆ ಧೊಪ್ಪನೆ ಕೂತರು.

ನನ್ನ ಕೆಲಸಕ್ಕೆ ಎಳ್ಳುನೀರು ಬಿಟ್ಟಂತಾಯಿತು ಅಂದುಕೊಂಡೆ. ಆದರೆ ಬಾಯಿ ತನ್ನಷ್ಟಕ್ಕೆ ಪಾಠ ಮಾಡುತ್ತಿತ್ತು.

"ಮಕ್ಕಳೇ, ಜೀವಕೋಶದಲ್ಲೂ ಒಮ್ಮೊಮ್ಮೆ ಹೀಗೇ ಆಗುತ್ತೆ. ಬೇರೆಯಾಗಬೇಕಾದ್ದು ಆಗಲ್ಲ. ಆಗ ಒಂದು ಲಿಂಗಾಣುವಿಗೆ ಎರಡು ಸಿಗುತ್ತೆ, ಇನ್ನೊಂದಕ್ಕೆ ಏನೂ ಇಲ್ಲ. ಆ ಬಕೆಟ್ ನೋಡಿ, ಖಾಲಿ."

"ಖಾಲಿ ಎಲ್ಲಿ ಟೀಚರ್? ಮೇಡಂ ಇದ್ದಾರಲ್ಲ!" ಅಂದಳು ಉದ್ದ ಹುಡುಗಿ.

ಮೊದಲು ನಕ್ಕವರು ಮೇಡಮ್ಮೇ. ನಾವು ಕೈಕೊಟ್ಟು ಎಬ್ಬಿಸಿದ ಮೇಲೆ ಕೆಂಪು ಜೋಡಿಯನ್ನು ತಿರುಗಿಸಿ ನೋಡಿದರು.

"ಇದನ್ನ ಹೊಲಿದವರು ಯಾರು?"

ನಾನೇ ಅನ್ನಬಹುದಿತ್ತು. ಮನಸ್ಸು ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

"ಈ ಪಾಠ ಎಷ್ಟು ಸಲ ಕೇಳಿದೀನೋ, ಅರ್ಥವಾಗಿದ್ದು ಇವತ್ತೇ," ಅಂದರು. "ಮುಂದಿನ ವರ್ಷಾನೂ ಇದನ್ನೇ ತನ್ನಿ. ನೀವೇ ತರಬೇಕು. ನಿಮ್ಮ ಖಾಯಂ ಪತ್ರಕ್ಕೆ ನಾಳೆ ಸಹಿ ಹಾಕ್ತೀನಿ."

ಮಾವನಿಗೆ ಬೈಯಬೇಕೆಂದಿದ್ದ ಮಾತೆಲ್ಲ ಬೆಳಗಿನಿಂದ ನಾಲಿಗೆಯ ತುದಿಯಲ್ಲೇ ಇತ್ತು. ಮನೆಗೆ ಬಂದರೆ ಅವರು ಕಿಟಕಿಯ ಬಳಿ ಕಾಲುಚಾಚಿ ಕೂತಿದ್ದರು.

"ಹೊಲಿಗೆ ನಿಲ್ತಾ ಅಮ್ಮಾ?"

ಅವರ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಊರವರ ಹರುಕೆಲ್ಲ ಕಾಣುವ ಕಣ್ಣಿಗೆ ತನ್ನದು ಕಂಡಿರಲಿಲ್ಲ. ನನ್ನ ಕೋಪ ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು.

"ನನ್ನ ಕೆಲಸ ಉಳಿಸಿದ್ದೇ ನಿಮ್ಮ ಹೊಲಿಗೆ ಮಾವ. ಯಾರು ಹೊಲಿದದ್ದು ಅಂತ ಕೇಳಿದ್ರು. ನಿಮ್ಮ ಹೆಸರೇ ಹೇಳಿದೆ."

ಅವರು ಎಷ್ಟು ಬೇಡವೆಂದರೂ ಕೇಳದೆ ಕಾಲುಚೀಲ ಬಿಚ್ಚಿಸಿ, ಸೂಜಿ ಹಿಡಿದು ನಾನೇ ಕೂತೆ. ಅರ್ಧ ಗಂಟೆ ಹಿಡಿಯಿತು. ಮಾವ ಅದನ್ನು ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ, ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಮ್ಮಾ," ಅಂದರು. "ಆದ್ರೆ ಇದನ್ನ ಯಾರು ಹೊಲಿದದ್ದು ಅಂತ ಕೇಳಿದ್ರೆ, ನನ್ನ ಹೆಸರು ಮಾತ್ರ ಹೇಳಬೇಡ."